ಮುಂಬಯಿ ಬಂದರಿನ ತೋಪುಗಳು ಮತ್ತು ನಾವು

ಮುಂಬಯಿ ಕನ್ನಡಿಗರಲ್ಲಿ ‘ಫೋರ್ಟ್’ ಎಂಬ ಹೆಸರನ್ನು ಸಾವಿರ ಸಲ ಉಚ್ಚರಿಸದ ಹಿರಿಯರು ವಿರಳ. ನಮ್ಮವರ ಹೋಟೆಲುಗಳು ಅಲ್ಲಿದ್ದವು; ಹಗಲೆಲ್ಲ ಲೋಟ ತೊಳೆದ ಹುಡುಗರು ಇರುಳಿನಲ್ಲಿ ಅಕ್ಷರ ಕಲಿತ ಕನ್ನಡ ರಾತ್ರಿಶಾಲೆಗಳು ಅಲ್ಲಿದ್ದವು; ಬ್ಯಾಂಕು, ವಿಮೆ, ಹಡಗು ಕಂಪನಿಗಳ ಗುಮಾಸ್ತಗಿರಿ ಅಲ್ಲಿತ್ತು. ಹಳೆಯ ಮರಾಠಿ ಮಂದಿ ಅದೇ ಪ್ರದೇಶವನ್ನು ‘ಕೋಟ್’ ಎಂದರು. ನಮ್ಮ ಕಿವಿಗೆ ಅದು ಕೋಟೆಯೇ. ಆದರೆ ಆ ಕೋಟೆ ಎಲ್ಲಿದೆಯೆಂದು ಕೇಳಿದರೆ ನಲವತ್ತು ವರ್ಷ ಅಲ್ಲಿ ದುಡಿದು ನಿವೃತ್ತನಾದವನೂ ತಡವರಿಸುತ್ತಾನೆ. ಹೆಸರು ಉಳಿದಿದೆ, ಗೋಡೆ ಹೋಗಿದೆ. ಹೋದದ್ದು ಏಕೆ, ಅದರ ಬದಲಿಗೆ ಬಂದದ್ದು ಏನು, ಅದಕ್ಕೆ ಹಣ ತೆತ್ತವರು ಯಾರು ಎಂಬ ಪ್ರಶ್ನೆಗಳು ಇತಿಹಾಸಕಾರರಿಗೆ ಮಾತ್ರ ಸೇರಿದವಲ್ಲ, ಹೊರನಾಡ ಕನ್ನಡಿಗರಾದ ನಮಗೂ ಸೇರಿದವು ಎಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಇದಕ್ಕೊಂದು ತಕ್ಷಣದ ಕಾರಣವೂ ಇದೆ. 2025ರ ಜುಲೈಯಲ್ಲಿ ಯುನೆಸ್ಕೋ ಸಂಸ್ಥೆಯು ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಮುಂಬಯಿ ಬಂದರಿನ ದಕ್ಷಿಣದ ಬಾಯಿಯಲ್ಲೇ ಇರುವ ಖಾಂದೇರಿಯೂ ಒಂದು. 1679ರಲ್ಲಿ ಶಿವಾಜಿ ಮಹಾರಾಜರು ಆ ದ್ವೀಪದಲ್ಲಿ ಗೋಡೆ ಕಟ್ಟಿಸಲು ತೊಡಗಿದಾಗ ಮುಂಬಯಿಯ ಇಂಗ್ಲಿಷರು ಅದನ್ನು ತಡೆಯಲು ಹಡಗುಗಳನ್ನು ಕಳುಹಿಸಿ ವಿಫಲರಾದರು. ಅಂಥ ದ್ವೀಪಕ್ಕೆ ಸಂದ ಗೌರವ ನ್ಯಾಯವಾದುದೇ. ಸಂತೋಷದ ಆ ಗದ್ದಲದಲ್ಲಿ ನನ್ನ ಮನಸ್ಸು ಮಾತ್ರ ಅದೇ ನೀರಿನಲ್ಲಿ ಕೆಲವೇ ಮೈಲಿ ಉತ್ತರಕ್ಕಿರುವ ಬೇರೆ ಕಲ್ಲುಗಳ ಕಡೆಗೆ ಹರಿಯಿತು. ಗೇಟ್‌ವೇಯಿಂದ ಘಾರಾಪುರಿಗೆ ಹೊರಡುವ ಲಾಂಚಿನಲ್ಲಿ ಕುಳಿತವರಿಗೆ ಹಾದಿಯಲ್ಲಿ ಚಿಕ್ಕ ನಡುಗಡ್ಡೆಗಳು ಕಾಣಸಿಗುತ್ತವೆ. ಒಂದರ ಹೆಸರು ಮಿಡ್ಲ್ ಗ್ರೌಂಡ್, ಇನ್ನೊಂದು ಆಯ್‌ಸ್ಟರ್ ರಾಕ್. ನೀರಿನಿಂದಲೇ ಎದ್ದು ನಿಂತ ಕಲ್ಲುಗೋಡೆ, ನೌಕಾದಳದ ಬಾವುಟ. ಲಾಂಚಿನ ಮಾರ್ಗದರ್ಶಿ ಅವುಗಳ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಪ್ರವಾಸಿಗರು ಕಡಲಕಾಗೆಗಳಿಗೆ ತಿಂಡಿ ಎಸೆಯುವುದರಲ್ಲಿ ಮಗ್ನರಾಗಿರುತ್ತಾರೆ. ಇವೇ ವಿಕ್ಟೋರಿಯಾ ರಾಣಿಯ ಕಾಲದ ಮುಂಬಯಿ ಬಂದರಿನ ಬತ್ತೇರಿಗಳು.

‘ಬತ್ತೇರಿ’ ಎಂಬ ಪದ ನಮ್ಮ ಕರಾವಳಿಯವರಿಗೆ ಹೊಸದಲ್ಲ. ಮಂಗಳೂರಿನ ಬೋಳೂರಿನಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯನ್ನು ಕಾಣದ ದಕ್ಷಿಣ ಕನ್ನಡಿಗನಿಲ್ಲ. ಗುರುಪುರ ಹೊಳೆಯ ಮೂಲಕ ಶತ್ರುವಿನ ಹಡಗು ಒಳನುಗ್ಗದಿರಲೆಂದು ಕಟ್ಟಿದ ಕಾವಲು ಅದು. ಕಾಸರಗೋಡಿನವರಿಗೆ ಬೇಕಲದ ಕೋಟೆಯ ಕೊತ್ತಳಗಳು ಗೊತ್ತು. ಹೊನ್ನಾವರದವರಿಗೆ ಶರಾವತಿಯ ಸಂಗಮದಾಚೆಯ ಬಸವರಾಜದುರ್ಗ ಗೊತ್ತು. ಹೊಳೆಯ ಬಾಯಿಗೆ ಕೋಟೆ ಇಟ್ಟು ಬಾಳಿದ ಜನ ನಾವು. ಆದ್ದರಿಂದ ಮುಂಬಯಿ ಬಂದರಿನ ಕಾವಲನ್ನು ಅರ್ಥಮಾಡಿಕೊಳ್ಳಲು ನಮಗೆ ವಿಶೇಷ ಪಾಂಡಿತ್ಯವೇನೂ ಬೇಕಾಗಿಲ್ಲ.

ಕತೆಯನ್ನು ಗೋಡೆಯಿಂದಲೇ ಆರಂಭಿಸಬೇಕು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಪಟ್ಟಣದ ಸುತ್ತ ಕಟ್ಟಿದ ಗೋಡೆಗೆ ಮೂರು ಹೆಬ್ಬಾಗಿಲುಗಳಿದ್ದವು: ದಕ್ಷಿಣಕ್ಕೆ ಅಪೋಲೋ ಗೇಟ್, ಪಶ್ಚಿಮಕ್ಕೆ ಚರ್ಚ್ ಗೇಟ್, ಉತ್ತರಕ್ಕೆ ಬಜಾರ್ ಗೇಟ್. 1769ರಲ್ಲಿ ಉತ್ತರದ ಮಗ್ಗುಲಿಗೆ ಫೋರ್ಟ್ ಸೇಂಟ್ ಜಾರ್ಜ್ ಸೇರಿತು. ಗೋಡೆಯ ಹೊರಗೆ ತೋಪಿನ ಗುಂಡಿಗೆ ಅಡ್ಡಿಯಾಗದಂತೆ ವಿಶಾಲವಾದ ಬಯಲೊಂದನ್ನು ಖಾಲಿ ಬಿಟ್ಟಿದ್ದರು. ಅದಕ್ಕೆ ಎಸ್ಪ್ಲನೇಡ್ ಎಂದು ಹೆಸರು. ಇಂದಿನ ಓವಲ್, ಕ್ರಾಸ್ ಮೈದಾನ, ಆಜಾದ್ ಮೈದಾನಗಳೆಲ್ಲ ಆ ಬಯಲಿನ ಚೂರುಗಳು. ಮುಂಬಯಿಯ ಮಕ್ಕಳು ಕ್ರಿಕೆಟ್ ಆಡಲು ಇಷ್ಟಾದರೂ ಜಾಗ ಉಳಿದದ್ದು ತೋಪುಗಳ ದಯೆಯಿಂದ ಎಂಬುದು ವಿಚಿತ್ರ ಸತ್ಯ.

ಆ ಬಯಲಿನಲ್ಲಿ ತೋಪುಗಳು ಮಾಡಿದ ಇನ್ನೊಂದು ಕೆಲಸವನ್ನೂ ನೆನೆಯಬೇಕು. 1857ರ ಅಕ್ಟೋಬರ್ 15ರಂದು ಸಯ್ಯದ್ ಹುಸೇನ್ ಮತ್ತು ಮಂಗಲ್ ಗಡಿಯಾ ಎಂಬ ಇಬ್ಬರು ಸಿಪಾಯಿಗಳನ್ನು ದಂಗೆಯ ಸಂಚಿನ ಆರೋಪ ಹೊರಿಸಿ, ಎಸ್ಪ್ಲನೇಡಿನಲ್ಲಿ ಸೈನ್ಯದ ಸಮಕ್ಷಮ ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಅದಾದ ತಿಂಗಳೊಪ್ಪತ್ತಿನಲ್ಲಿ ಇದೇ ಮುಂಬಯಿ ಸರಕಾರದ ಅಧೀನದಲ್ಲಿದ್ದ ಮುಧೋಳ ಸೀಮೆಯ ಹಲಗಲಿಯಲ್ಲಿ, ಆಯುಧಗಳನ್ನು ಒಪ್ಪಿಸಲೊಲ್ಲೆವೆಂದ ಬೇಡರ ಮೇಲೆ ಸೈನ್ಯ ಬಿದ್ದಿತು. 1858ರಲ್ಲಿ ನರಗುಂದದ ಬಾಬಾಸಾಹೇಬರಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಹಲಗಲಿಯ ಲಾವಣಿಯನ್ನು ಹಾಡುವ ನಾವು ಆಜಾದ್ ಮೈದಾನದ ಪಕ್ಕದಲ್ಲಿ ಬಸ್ಸಿಗೆ ಕಾಯುವಾಗ ಆ ಇಬ್ಬರು ಸಿಪಾಯಿಗಳನ್ನು ನೆನೆಯುವುದಿಲ್ಲ. ಎರಡೂ ಆಜ್ಞೆಗಳು ಹೊರಟದ್ದು ಒಂದೇ ಸರಕಾರದಿಂದ.

ಇನ್ನು ಗೋಡೆ ಕೆಡವಿದ ಕತೆ. 1862ರಲ್ಲಿ ಗವರ್ನರಾಗಿ ಬಂದ ಸರ್ ಬಾರ್ಟಲ್ ಫ್ರಿಯರ್‌ನ ಕಾಲದಲ್ಲಿ ಮುಂಬಯಿಯ ಗೋಡೆಗಳು ಬಿದ್ದವು. ಹೊಸ ಕಾಲದ ಸುರುಳಿಗೀರಿನ ತೋಪುಗಳ ಮುಂದೆ ಹಳೆಯ ಗೋಡೆ ನಿಷ್ಪ್ರಯೋಜಕವಾಗಿತ್ತು. ಒಳಗೆ ಜನ ಉಸಿರಾಡಲಾಗದಷ್ಟು ಇಕ್ಕಟ್ಟು. ಗೋಡೆಯ ಜಾಗವನ್ನು ಮಾರಿದರೆ ಬರುವ ಹಣದಿಂದ ಭವ್ಯ ಕಟ್ಟಡಗಳನ್ನು ಎಬ್ಬಿಸಬಹುದಾಗಿತ್ತು. ಇವೆಲ್ಲದರ ಹಿಂದೆ ಇದ್ದದ್ದು ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಲ್ಯಾಂಕಾಶೈರಿನ ಗಿರಣಿಗಳಿಗೆ ಬಾರದಾಯಿತು. ಮುಂಬಯಿಯ ವ್ಯಾಪಾರಿಗಳಿಗೆ ಹೊನ್ನಿನ ಮಳೆ ಸುರಿಯಿತು. ಆ ಹತ್ತಿಯಲ್ಲಿ ಒಂದು ಪಾಲು ನಮ್ಮ ಧಾರವಾಡ ಸೀಮೆಯ ಎರೆನೆಲದ್ದು. ಕುಮಟೆಯ ಬಂದರಿನಿಂದ ಹಡಗೇರುತ್ತಿದ್ದ ಕಾರಣ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂದೇ ಹೆಸರು ಬಿದ್ದಿತ್ತು.

ಇಲ್ಲಿ ಕನ್ನಡಿಗರ ಗಮನಕ್ಕೆ ಬರಬೇಕಾದ ಸಂಗತಿಯೊಂದಿದೆ. ಗೋಡೆಗಳಿಗೆ ಹಾರೆ ಬಿದ್ದ ಅದೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದೊಂದಿಗೆ ಮದರಾಸಿನಲ್ಲೇ ಉಳಿಯಿತು. ಕಾರಣ ಆಡಳಿತದ ಸೌಕರ್ಯ ಎಂದು ಬರೆದರೂ ಅದರ ಹಿಂದಿದ್ದದ್ದು ಧಾರವಾಡದ ಹತ್ತಿಗೆ ಕಾರವಾರದಲ್ಲಿ ಬಂದರು ಒದಗಿಸಬೇಕೆಂಬ ವ್ಯಾಪಾರಿಗಳ ಒತ್ತಾಯ. ಒಂದೇ ಹತ್ತಿಯ ಹಣ ಮುಂಬಯಿಯ ಕೋಟೆಯನ್ನು ಕೆಡವಿಸಿತು, ನಮ್ಮ ಕರಾವಳಿಯನ್ನು ಕೊಯ್ದು ಎರಡು ಪ್ರಾಂತಗಳಿಗೆ ಹಂಚಿತು. ಏಕೀಕರಣದ ಚರಿತ್ರೆಯನ್ನು ಬರೆದವರು ಈ ಕೊಯ್ತದ ದುಃಖವನ್ನು ಹೇಳಿದ್ದಾರೆ. ಅದಕ್ಕೂ ಫ್ಲೋರಾ ಫೌಂಟನಿನ ಸೊಬಗಿಗೂ ಇರುವ ನಂಟನ್ನು ಹೇಳಿದವರನ್ನು ನಾನು ಕಂಡಿಲ್ಲ. ಚರ್ಚ್ ಗೇಟ್ ನಿಂತಿದ್ದ ಜಾಗದಲ್ಲಿಯೇ 1864ರಲ್ಲಿ ಆ ಕಾರಂಜಿ ಎದ್ದಿತು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಹುತಾತ್ಮರ ಸ್ಮಾರಕವೂ ಅದರ ಬಳಿಯಲ್ಲೇ ಇದೆ. ಕೋಟೆಯ ಬಾಗಿಲು, ಹತ್ತಿಯ ಕಾಲದ ಕಾರಂಜಿ, ಭಾಷಾವಾರು ರಾಜ್ಯಕ್ಕಾಗಿ ಸತ್ತವರ ಸ್ಮಾರಕ—ಮೂರಕ್ಕೂ ಒಂದೇ ಚೌಕ.

ಗೋಡೆ ಹೋಯಿತು. 1863ರಲ್ಲಿ, ಮುಂಬಯಿಯನ್ನೇ ನೆಲೆಯಾಗಿಸಿಕೊಂಡಿದ್ದ ಭಾರತೀಯ ನೌಕಾಪಡೆಯನ್ನೂ ಖರ್ಚಿನ ನೆಪದಿಂದ ರದ್ದುಗೊಳಿಸಿದರು. ಯುರೋಪಿನಲ್ಲಿ ಆಗಲೇ ಕಬ್ಬಿಣದ ಕವಚ ತೊಟ್ಟ ಹಬೆಯ ಯುದ್ಧನೌಕೆಗಳು ನೀರಿಗಿಳಿದಿದ್ದವು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಬರಬೇಕಾಗಿದ್ದ ಶತ್ರು ಈಗ ವಾರಗಳಲ್ಲಿ ಬರಬಹುದಾಯಿತು. ಫ್ರೆಂಚರು ಬರಬಹುದು, ಅವರು ಬಾರದಿದ್ದರೆ ರಷ್ಯನ್ನರು ಬರಬಹುದು. ಸೂರ್ಯ ಮುಳುಗದ ಸಾಮ್ರಾಜ್ಯಕ್ಕೆ ನಿದ್ದೆಯೂ ಬಾರದ ಕಾಲ ಅದು.

ಆ ಭಯದ ಫಲವಾಗಿ ಮುಂಬಯಿಗೆ ಬಂದದ್ದು ಎರಡು ವಿಲಕ್ಷಣ ಹಡಗುಗಳು. ಹೆಸರು ‘ಮಗ್ದಲಾ’ ಮತ್ತು ‘ಅಬಿಸೀನಿಯಾ’. 1868ರಲ್ಲಿ ಜನರಲ್ ನೇಪಿಯರ್ ಮುಂಬಯಿಯಿಂದ ಸೈನ್ಯ ಒಯ್ದು ಅಬಿಸೀನಿಯದ ದೊರೆ ಥಿಯೋಡೋರನ ಮಗ್ದಲಾ ದುರ್ಗವನ್ನು ಹಿಡಿದ ನೆನಪಿಗೆ ಆ ಹೆಸರುಗಳು. ಎರಡನ್ನೂ ಲಂಡನಿನ ಥೇಮ್ಸ್ ನದಿಯ ದಡದಲ್ಲಿ ಕಟ್ಟಿ 1870ರಲ್ಲಿ ನೀರಿಗಿಳಿಸಿದರು. ಸಾಮಾನ್ಯ ಹಡಗಿನಂತೆ ಇವುಗಳ ಮೈ ನೀರಿನಿಂದ ಎತ್ತರಕ್ಕೇಳುತ್ತಿರಲಿಲ್ಲ. ಶತ್ರುವಿನ ಗುಂಡಿಗೆ ಗುರಿ ಸಿಗದಂತೆ ಮಟ್ಟ ತಗ್ಗಿಸಿ, ನಡುವೆ ಎದೆಯೆತ್ತರದ ಕಬ್ಬಿಣದ ಕಟ್ಟೆ ಕಟ್ಟಿ, ಆ ಕಟ್ಟೆಯ ಎರಡು ತುದಿಗೆ ತಿರುಗುವ ಎರಡು ಗೋಪುರಗಳನ್ನಿಟ್ಟಿದ್ದರು. ಒಂದೊಂದು ಗೋಪುರದಲ್ಲಿ ಹತ್ತಂಗುಲ ಬಾಯಿಯ ಎರಡೆರಡು ತೋಪುಗಳು. ಹಡಗಿಗಿಂತ ಹೆಚ್ಚಾಗಿ ತೇಲುವ ಬತ್ತೇರಿ ಎನ್ನಬೇಕು. ತೆರೆದ ಕಡಲಿಗೆ ಇವು ತಕ್ಕವಲ್ಲ; ಬಂದರಿನ ಬಾಗಿಲಲ್ಲಿ ನಾಯಿಯಂತೆ ಕೂರುವುದಕ್ಕಾಗಿಯೇ ಹುಟ್ಟಿದವು. ಮಗ್ದಲಾವನ್ನು ತಾತ್ಕಾಲಿಕ ಕೂವೆಮರಗಳನ್ನು ನಿಲ್ಲಿಸಿ ಹಾಯಿಯ ಬಲದಿಂದ ಮುಂಬಯಿಗೆ ತಂದರು. ಅಬಿಸೀನಿಯಾ ತನ್ನ ಹಬೆಯಿಂದಲೇ ಬಂದಿತು. ಬಂದ ಮೇಲೆ ಎರಡೂ ಹೆಚ್ಚುಕಡಿಮೆ ತಮ್ಮ ಆಯುಷ್ಯವೆಲ್ಲ ಇಲ್ಲಿಯೇ ಕಳೆದವು. 1892ರಲ್ಲಿ ತೋಪುಗಳನ್ನು ಬದಲಾಯಿಸಿ ಹಿಂದಿನಿಂದ ಮದ್ದು ತುಂಬುವ ಎಂಟಂಗುಲದವನ್ನು ಹಾಕಿದರು. 1903ರಲ್ಲಿ ಎರಡನ್ನೂ ಗುಜರಿಗೆ ಮಾರಿದರು. ಮೂರು ದಶಕಗಳಿಗೂ ಮಿಕ್ಕಿದ ಆ ಕಾವಲಿನಲ್ಲಿ ಶತ್ರುವಿನ ಒಂದು ಹಡಗಿನ ಮೇಲೂ ಅವು ಗುಂಡು ಹಾರಿಸುವ ಪ್ರಸಂಗ ಬರಲಿಲ್ಲ.

ಎರಡಕ್ಕೂ ಸೇರಿ ತಗುಲಿದ ವೆಚ್ಚ ಸುಮಾರು ಎರಡೂವರೆ ಲಕ್ಷ ಪೌಂಡು. ಅಂದಿನ ಲೆಕ್ಕದಲ್ಲಿ ಪೌಂಡಿಗೆ ಹತ್ತು ರೂಪಾಯಿಯೆಂದರೆ ಇಪ್ಪತ್ತೈದು ಲಕ್ಷ. ತೆತ್ತದ್ದು ಭಾರತದ ಬೊಕ್ಕಸ. ಬೊಕ್ಕಸವೆಂದರೆ ಭೂಕಂದಾಯ, ಉಪ್ಪಿನ ಸುಂಕ, ಅಫೀಮಿನ ಆದಾಯ. ಅದರಲ್ಲಿ ಧಾರವಾಡ, ಬೆಳಗಾವಿ, ಕಲಾದಗಿ, ಉತ್ತರ ಕನ್ನಡ ಜಿಲ್ಲೆಗಳ ರೈತರ ಪಾಲೂ ಇತ್ತು. ಈ ಹಡಗುಗಳು ಇಲ್ಲಿ ಲಂಗರು ಹಾಕಿ ಐದಾರು ವರ್ಷ ಕಳೆಯುವಷ್ಟರಲ್ಲಿ, 1876ರಿಂದ 1878ರವರೆಗೆ, ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದಿತು. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳನ್ನೊಳಗೊಂಡ ಅಂದಿನ ಕಲಾದಗಿ ಜಿಲ್ಲೆಯ ಊರುಗಳು ಬರಿದಾದವು. ಪರಿಹಾರ ಕಾಮಗಾರಿಯ ಕೂಲಿಯಲ್ಲಿ ಎಷ್ಟು ಕಾಳು ಕಡಿತ ಮಾಡಬಹುದೆಂದು ಸರಕಾರ ತೂಗಿ ನೋಡುತ್ತಿದ್ದ ಕಾಲದಲ್ಲಿ ಹತ್ತಂಗುಲದ ಎಂಟು ತೋಪುಗಳು ಮುಂಬಯಿಯ ನೀರಿನಲ್ಲಿ ಬಾರದ ರಷ್ಯನ್ನರಿಗಾಗಿ ಬಾಯ್ದೆರೆದು ಕುಳಿತಿದ್ದವು. ಹಡಗಿನ ಹಣ ಇದ್ದಿದ್ದರೆ ಕ್ಷಾಮ ಬರುತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ. ಯಾರ ಪ್ರಾಣಕ್ಕೆ ಕಾವಲು, ಯಾರ ಪ್ರಾಣಕ್ಕೆ ಇಲ್ಲ ಎಂಬುದರ ಲೆಕ್ಕವನ್ನಷ್ಟೇ ಹೇಳುತ್ತೇನೆ.

1885ರಲ್ಲಿ ಅಫ್ಘಾನಿಸ್ತಾನದ ಗಡಿಯ ಪಂಜ್‌ದೇಹದಲ್ಲಿ ರಷ್ಯನ್ ಸೈನ್ಯ ಮುನ್ನುಗ್ಗಿದಾಗ ಭಯ ಮತ್ತೆ ಹೆಚ್ಚಿತು. ಬಂದರಿನ ನಡುಗಡ್ಡೆಗಳಲ್ಲಿ, ಕೊಲಾಬಾದ ತುದಿಯಲ್ಲಿ, ಮಹಾಲಕ್ಷ್ಮಿಯಲ್ಲಿ, ಮಲಬಾರ್ ಪಾಯಿಂಟಿನಲ್ಲಿ ಬತ್ತೇರಿಗಳು ಬಲಗೊಂಡವು. ಈ ಹೊಸ ಬತ್ತೇರಿಗಳು ನಮ್ಮ ಚಿತ್ರದುರ್ಗದಂತೆ ಎದೆಯುಬ್ಬಿಸಿ ನಿಲ್ಲುವಂಥವಲ್ಲ. ಮಣ್ಣಿನಲ್ಲಿ ಹುದುಗಿ, ಮದ್ದುಮನೆಯನ್ನು ನೆಲದಡಿ ಅಡಗಿಸಿ, ತೋಪಿನ ಮೂತಿಯಷ್ಟನ್ನೇ ಹೊರಗೆ ತೋರುವಂಥವು. ಆದ್ದರಿಂದಲೇ ಅವು ಜನರ ಕಣ್ಣಿಗೂ ಬೀಳಲಿಲ್ಲ, ಕಲ್ಪನೆಗೂ ಸಿಗಲಿಲ್ಲ. ಮಾಹಿಮ್, ವರಳಿ, ಶಿವಡಿ, ಬಾಂದ್ರಾಗಳ ಹಳೆಯ ಕೋಟೆಗಳಿಗಾದರೋ ಒಂದು ಆಕಾರವಿದೆ, ಮೋಹಕವಾದ ಅವಶೇಷವಿದೆ. ಸಿನಿಮಾದವರಾದರೂ ಅಲ್ಲಿಗೆ ಹೋಗುತ್ತಾರೆ.

ಮಲಬಾರ್ ಪಾಯಿಂಟಿನ ಕತೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ, ಏಕೆಂದರೆ ನನ್ನ ತಕರಾರು ಇರುವುದು ಅಲ್ಲಿಯೇ. ರಾಜ್ಯಪಾಲರ ನಿವಾಸದ ನೆಲದಡಿಯಲ್ಲಿ ದಶಕಗಳಿಂದ ಮುಚ್ಚಿಹೋಗಿದ್ದ ಸುರಂಗವೊಂದರ ಬಾಯಿಯನ್ನು 2016ರಲ್ಲಿ, ವಿದ್ಯಾಸಾಗರ ರಾವ್ ಅವರು ರಾಜ್ಯಪಾಲರಾಗಿದ್ದಾಗ, ಒಡೆಸಲಾಯಿತು. ಒಳಗೆ ಹದಿಮೂರು ಕೋಣೆಗಳು. ಗುಂಡಿನ ಉಗ್ರಾಣ, ಮದ್ದಿನ ತೋಟೆಗಳ ಉಗ್ರಾಣ, ಗುಂಡನ್ನು ಮೇಲಕ್ಕೆತ್ತುವ ಜಾಗ, ಪಂಪಿನ ಕೋಣೆ, ಕಾರ್ಯಾಗಾರ ಎಂದು ಆಯಾ ಕೋಣೆಯ ಮೇಲೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳು ಅಳಿಯದೆ ಉಳಿದಿದ್ದವು. 2018ರಲ್ಲಿ ಅದೇ ಆವರಣದ ಕೆಳಭಾಗದಲ್ಲಿ ಬಿದ್ದಿದ್ದ, ತಲಾ 22 ಟನ್ ತೂಗುವ ಎರಡು ತೋಪುಗಳನ್ನು ಕ್ರೇನುಗಳಿಂದ ಎತ್ತಿ ಮೇಲೆ ತಂದಿಟ್ಟರು. 2019ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರು ನೆಲದಡಿಯ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. 2022ರ ಜೂನ್ 14ರಂದು ಅದೇ ಕೋಣೆಗಳಲ್ಲಿ ‘ಕ್ರಾಂತಿಗಾಥಾ’ ಎಂಬ ಹೆಸರಿನ ಸ್ವಾತಂತ್ರ್ಯ ಕ್ರಾಂತಿಕಾರರ ಚಿತ್ರಶಾಲೆಯನ್ನು ಪ್ರಧಾನಮಂತ್ರಿಗಳು ಉದ್ಘಾಟಿಸಿದರು.

ಕ್ರಾಂತಿಕಾರರಿಗೆ ಚಿತ್ರಶಾಲೆ ಬೇಡವೆಂದು ಯಾರೂ ಹೇಳರು. ಚಾಪೇಕರ ಸಹೋದರರ ಚಿತ್ರಕ್ಕೆ ಕೈಮುಗಿಯುವವರಲ್ಲಿ ನಾನೂ ಒಬ್ಬ. ಆದರೆ ಒಂದು ನೆಲಮನೆಗೆ ತನ್ನದೇ ಆದ ಮಾತಿರುತ್ತದೆ. ಈ ನೆಲಮನೆ ಹೇಳಬೇಕಾಗಿದ್ದ ಮಾತು, ಒಂದು ಸಾಮ್ರಾಜ್ಯ ಎಷ್ಟು ಹೆದರಿತ್ತು, ಆ ಹೆದರಿಕೆಯ ಬೆಲೆಯನ್ನು ಯಾರಿಂದ ವಸೂಲು ಮಾಡಿತು, ಆ ಗುಂಡುಗಳು ಯಾವ ದಿಕ್ಕಿಗೆ ಮುಖ ಮಾಡಿದ್ದವು ಎಂಬುದು. ಅದರ ಮೇಲೆ ಬೇರೊಂದು ಕತೆಯ ಚಿತ್ರಪಟಗಳನ್ನು ತೂಗುಹಾಕಿದಾಗ ಎರಡು ಕತೆಗಳಿಗೂ ಅನ್ಯಾಯವಾಗುತ್ತದೆ. ನೋಡುಗನು ಗುಂಡಿನ ಉಗ್ರಾಣವನ್ನು ಬರಿಯ ಗೋಡೆಯೆಂದು ತಿಳಿದು ಹೊರಬರುತ್ತಾನೆ. ಶತ್ರುವಿನ ಆಯುಧಶಾಲೆಯನ್ನು ವಶಪಡಿಸಿಕೊಂಡವನು ಮೊದಲು ಅದರ ದಾಸ್ತಾನು ಪಟ್ಟಿಯನ್ನು ಬರೆದಿಡುತ್ತಾನೆ, ಆಮೇಲೆ ತನ್ನ ಬಾವುಟ ಏರಿಸುತ್ತಾನೆ. ನಾವು ಬಾವುಟದಿಂದಲೇ ಆರಂಭಿಸಿದ್ದೇವೆ.

ವಸಾಹತುಶಾಹಿಯ ತೋಪುಗಳನ್ನು ಕಾಪಾಡುವುದೆಂದರೆ ವಸಾಹತುಶಾಹಿಯನ್ನು ಮೆರೆಸುವುದಲ್ಲವೇ ಎಂದು ನಮ್ಮ ಸಂಘಗಳ ಸಭೆಗಳಲ್ಲಿಯೇ ಕೇಳುವವರಿದ್ದಾರೆ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಓವಲ್ ಮೈದಾನದ ಗಾಥಿಕ್ ಕಟ್ಟಡಗಳ ಸಾಲು ವಸಾಹತುಶಾಹಿಯದ್ದೇ. ಗೋಡೆ ಕೆಡವಿದ್ದರಿಂದ ತೆರವಾದ ಜಾಗದ ಅಂಚಿನಲ್ಲಿಯೇ ಅವು ಎದ್ದದ್ದು. ಅವನ್ನು ಅಭಿಮಾನದಿಂದ ತೋರಿಸುವ ನಾವು ತೋಪುಗಳೆದುರು ಮಾತ್ರ ದೇಶಭಕ್ತರಾಗುವುದು ಹೇಗೆ? ಸುಂದರವಾದುದನ್ನು ನಮ್ಮದೆಂದು, ಕುರೂಪವಾದುದನ್ನು ಅವರದೆಂದು ಹಂಚಿಕೊಳ್ಳುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನ್ಯಾಯಾಲಯದ ಕಮಾನಿಗೂ ಮಗ್ದಲಾದ ಗೋಪುರಕ್ಕೂ ಹಣ ಬಂದದ್ದು ಒಂದೇ ಚೀಲದಿಂದ.

ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದವರು ಏನು ಮಾಡಿದರು ನೋಡಿ. ಮಗ್ದಲಾ, ಅಬಿಸೀನಿಯಾಗಳ ಒಡಹುಟ್ಟಿದಂಥ ‘ಸರ್ಬೆರಸ್’ ಎಂಬ ಹಡಗು ಅವರ ಬಂದರಿಗೆ ಕಾವಲಿತ್ತು; ಎಡ್ವರ್ಡ್ ರೀಡ್ ಎಂಬ ನೌಕಾಶಿಲ್ಪಿಯದೇ ವಿನ್ಯಾಸ. ಅದೂ ಯುದ್ಧ ಕಾಣಲಿಲ್ಲ. 1926ರಲ್ಲಿ ಅದನ್ನು ಹಾಫ್ ಮೂನ್ ಬೇ ಎಂಬಲ್ಲಿ ಅಲೆತಡೆಯಾಗಿ ಮುಳುಗಿಸಿದರು. ತುಕ್ಕು ಹಿಡಿದ ಅದರ ಮೈ ಇಂದಿಗೂ ನೀರಿನ ಮೇಲೆ ಕಾಣುತ್ತದೆ. ಅದನ್ನು ಉಳಿಸಿಕೊಳ್ಳಲು ಅಲ್ಲಿನ ನಾಗರಿಕರು ವರ್ಷಗಟ್ಟಲೆ ಹೋರಾಡಿದ್ದಾರೆ. ನಮ್ಮಲ್ಲಿ ಎರಡು ಹಡಗುಗಳಿದ್ದವು. ಅವು ಲಂಗರು ಹಾಕಿದ್ದ ನೀರನ್ನು ದಿನವೂ ನೋಡುವ ಒಂದು ಕೋಟಿ ಜನರಲ್ಲಿ ಅವುಗಳ ಹೆಸರು ಬಲ್ಲವರು ಎಷ್ಟು ಮಂದಿ?

ಇರುವುದರ ಗತಿಯೂ ಹೇಳಿಕೊಳ್ಳುವಂತಿಲ್ಲ. ಫೋರ್ಟ್ ಸೇಂಟ್ ಜಾರ್ಜಿನ ಉಳಿದ ತುಂಡು ಗೋಡೆ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿದೆ. ರಾಜ್ಯದ ಪುರಾತತ್ತ್ವ ಇಲಾಖೆಯ ಕಚೇರಿ ಅಲ್ಲಿರುವುದರಿಂದ ಅದಕ್ಕೊಂದು ಕಾವಲು ಸಿಕ್ಕಿತು. ಬಾಂಬೆ ಕ್ಯಾಸಲ್ ನೌಕಾದಳದ ‘ಆಂಗ್ರೆ’ ನೆಲೆಯೊಳಗಿದೆ. ಮರಾಠಾ ನೌಕಾಪತಿ ಕಾನ್ಹೋಜಿ ಆಂಗ್ರೆಯ ಹೆಸರನ್ನು ಅವನ ಬದ್ಧವೈರಿಗಳ ಕೋಟೆಗೇ ಇಟ್ಟದ್ದು ಸ್ವತಂತ್ರ ಭಾರತ ಆಡಿದ ಚೆಂದದ ಚೇಷ್ಟೆ. ಘಾರಾಪುರಿಯ ಗುಹೆಗಳ ಮೇಲಿನ ಗುಡ್ಡದಲ್ಲಿ ಎರಡು ದೊಡ್ಡ ತೋಪುಗಳು ಬಯಲಲ್ಲಿ ನಿಂತಿವೆ. ಗುಡ್ಡಕ್ಕೆ ಕ್ಯಾನನ್ ಹಿಲ್ ಎಂಬ ಹೆಸರೂ ಬಿದ್ದಿದೆ. ಕೆಳಗಿನ ತ್ರಿಮೂರ್ತಿಗೆ 1987ರಲ್ಲೇ ವಿಶ್ವ ಪರಂಪರೆಯ ಮಾನ್ಯತೆ. ಮೇಲಿನ ತೋಪಿನ ಮೈಮೇಲೆ ಪ್ರೇಮಿಗಳ ಹೆಸರುಗಳ ಕೆತ್ತನೆ.

ಈ ಕೋಟೆಗಳಿಂದ ಒಮ್ಮೆ ನಿಜವಾಗಿಯೂ ಗುಂಡು ಹಾರಿತು. 1946ರ ಫೆಬ್ರುವರಿ 18ರಂದು ‘ತಲವಾರ್’ ನೆಲೆಯಲ್ಲಿ ಕೆಟ್ಟ ಊಟ ಮತ್ತು ಅವಮಾನಗಳ ವಿರುದ್ಧ ಆರಂಭವಾದ ನಾವಿಕರ ಮುಷ್ಕರ ಬಂದರಿನ ಹಡಗುಗಳಿಗೆಲ್ಲ ಹಬ್ಬಿತು. 21ರಂದು ಕ್ಯಾಸಲ್ ಬ್ಯಾರಕ್ಕಿನಲ್ಲಿ, ಅಂದರೆ ಅದೇ ಹಳೆಯ ಬಾಂಬೆ ಕ್ಯಾಸಲಿನಲ್ಲಿ, ದಿಗ್ಬಂಧಿತರಾದ ಭಾರತೀಯ ನಾವಿಕರಿಗೂ ಹೊರಗಿನ ಸೈನ್ಯಕ್ಕೂ ಗುಂಡಿನ ಕಾಳಗವಾಯಿತು. ಅವರ ಬೆಂಬಲಕ್ಕೆ ಬೀದಿಗಿಳಿದ ಮುಂಬಯಿಯ ಜನರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಫ್ರೆಂಚರಿಗಾಗಿ, ರಷ್ಯನ್ನರಿಗಾಗಿ ಕಾದಿದ್ದ ಕೋಟೆಗೆ ಸಿಕ್ಕಿದ ಯುದ್ಧ ಅದೊಂದೇ.

ಹಾಗಾದರೆ ಭಯವೆಲ್ಲ ಸುಳ್ಳೇ? ಪೂರ್ತಿ ಸುಳ್ಳೆನ್ನಲಾಗದು. 1914ರ ಸೆಪ್ಟೆಂಬರಿನಲ್ಲಿ ಜರ್ಮನರ ‘ಎಮ್ಡೆನ್’ ಮದರಾಸಿನ ಎಣ್ಣೆತೊಟ್ಟಿಗಳಿಗೆ ಬೆಂಕಿಯಿಟ್ಟು ಹೋಯಿತು. ಸಮುದ್ರದಿಂದ ಅಪಾಯ ಬರುತ್ತದೆ. ಆದರೆ ಅದು ಕಾದವನ ನಿರೀಕ್ಷೆಯಂತೆ ಬರುವುದಿಲ್ಲ. 1993ರ ಸ್ಫೋಟಗಳ ಮದ್ದು ರಾಯಗಡದ ಸಣ್ಣ ತಂಗುದಾಣಗಳಲ್ಲಿ ಇಳಿಯಿತು. 2008ರ ನವೆಂಬರ್ 26ರ ರಾತ್ರಿ ಹತ್ತು ಮಂದಿ ಹಂತಕರು ರಬ್ಬರ್ ದೋಣಿಯಲ್ಲಿ ಕೊಲಾಬಾದ ಬಧ್ವಾರ್ ಪಾರ್ಕಿನ ಬಳಿಯ ಮೀನುಗಾರರ ಕೇರಿಗೆ ಬಂದಿಳಿದರು. ಅವರನ್ನು ಮೊದಲು ಕಂಡು, ನೀವು ಯಾರೆಂದು ಕೇಳಿದವರು ಆ ಕೇರಿಯ ಕೋಳಿ ಜನ. ಹತ್ತಂಗುಲದ ತೋಪು ಆಳದ ನೀರಿನಲ್ಲಿ ಬರುವ ಕಬ್ಬಿಣದ ಹಡಗನ್ನೇ ದಿಟ್ಟಿಸುತ್ತಿತ್ತು. ಮೀನುಗಾರನಿಗಾದರೋ ತೀರದ ಪ್ರತಿಯೊಂದು ದೋಣಿಯ ಗುರುತಿರುತ್ತದೆ. ನಮ್ಮ ಮೊಗವೀರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಗೆ ಬಂದು 1902ರಷ್ಟು ಹಿಂದೆಯೇ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡ ಆ ಸಮಾಜಕ್ಕೆ ಈ ನಗರ ಪರಿಚಯವಾದದ್ದು ಕಡಲಿನ ಕಡೆಯಿಂದ.

‘ಹೊರಗಿನವರು’ ಎಂಬ ಮಾತನ್ನು ನಾವು 1960ರ ದಶಕದ ಕೊನೆಯಿಂದ ಬಲ್ಲೆವು. ಉಡುಪಿ ಹೋಟೆಲುಗಳ ಗಾಜಿಗೆ ಬಿದ್ದ ಕಲ್ಲಿನ ಸದ್ದು ಹಿರಿಯರ ಕಿವಿಯಲ್ಲಿ ಇನ್ನೂ ಇದೆ. ಅದಕ್ಕೆ ನಾವು ಕೊಡುತ್ತ ಬಂದ ಉತ್ತರ ಒಂದೇ: ನಾವು ದುಡಿದಿದ್ದೇವೆ, ಸೇವೆ ಮಾಡಿದ್ದೇವೆ, ಮರಾಠಿ ಕಲಿತಿದ್ದೇವೆ. ವಿನಯದ ಈ ಉತ್ತರ ನಿಜವೇ ಆದರೂ ಅರ್ಧ ಮಾತ್ರ. 1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡಗಳ ಕನ್ನಡಿಗನಿಗೆ ಮುಂಬಯಿ ಪರಸ್ಥಳವಾಗಿರಲಿಲ್ಲ, ರಾಜಧಾನಿಯಾಗಿತ್ತು. ಇಲ್ಲಿನ ಹೈಕೋರ್ಟು ಅವನ ಹೈಕೋರ್ಟು, ಇಲ್ಲಿನ ವಿಶ್ವವಿದ್ಯಾಲಯ ಅವನ ವಿಶ್ವವಿದ್ಯಾಲಯ. ಇಲ್ಲಿನ ತೋಪಿಗೆ ಅವನೂ ಕಂದಾಯ ತೆತ್ತವನು. ದಕ್ಷಿಣ ಕನ್ನಡ, ಕಾಸರಗೋಡುಗಳ ನಮ್ಮವರಿಗೆ ಮದರಾಸು ಹೇಗೋ ಅವರಿಗೆ ಮುಂಬಯಿ ಹಾಗೆ. ಹಕ್ಕು ಸಾಧಿಸಲು ಇದನ್ನು ಹೇಳುತ್ತಿಲ್ಲ. ಈ ನಗರದ ಇತಿಹಾಸದಲ್ಲಿ ನಾವು 1920ರ ದಶಕದಲ್ಲಿ ಕಾಫಿ ಲೋಟದೊಂದಿಗೆ ಪ್ರವೇಶಿಸಿದವರೆಂದು ನಾವೇ ನಂಬಿಕೊಂಡಿದ್ದೇವಲ್ಲ, ಆ ನಂಬಿಕೆಯನ್ನು ಬಿಡಬೇಕೆನ್ನುತ್ತೇನೆ. ಮುಂಬಯಿಯ ಕನ್ನಡ ಸಾಹಿತ್ಯದಲ್ಲಿ ಚಾಳು ಬಂದಿದೆ, ಕಚೇರಿ ಬಂದಿದೆ, ಲೋಕಲ್ ರೈಲು ಬಂದಿದೆ. ಬಂದರು ಅದೇ ಪ್ರಮಾಣದಲ್ಲಿ ಬಂದಿಲ್ಲವೆಂಬುದು ನನ್ನ ಅನಿಸಿಕೆ.

ಬಂದರಿನ ರಕ್ಷಣೆ ಈಗ ನಮ್ಮ ಊರಿಗೇ ಬಂದಿದೆ ಎಂಬುದನ್ನೂ ಮರೆಯುವಂತಿಲ್ಲ. ಮುಂಬಯಿ ಬಂದರು ಇಕ್ಕಟ್ಟಾಯಿತೆಂಬ ಕಾರಣವೂ ಸೇರಿ ನೌಕಾದಳವು ಕಾರವಾರವನ್ನು ಆರಿಸಿತು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. 2005ರ ಮೇ 31ರಂದು ‘ಕದಂಬ’ ನೆಲೆ ಕಾರ್ಯಾರಂಭ ಮಾಡಿತು. ಕಾರವಾರ–ಅಂಕೋಲೆಗಳ ನಡುವಿನ ಸಾವಿರಾರು ಕುಟುಂಬಗಳು ಗದ್ದೆ, ತೀರ, ದೇವರ ಗುಡಿಗಳನ್ನು ಬಿಟ್ಟು ಎದ್ದವು; ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆದವು. ಇದು ನಮ್ಮದೇ ಗಣರಾಜ್ಯದ ಕಾವಲು, ಮಗ್ದಲಾದಂಥದ್ದಲ್ಲ. ಆದರೂ ಬಂದರಿನ ಕಾವಲಿಗೆ ಬೆಲೆ ತೆತ್ತವರ ಹೆಸರನ್ನು ಎಲ್ಲಿಯೂ ಬರೆಯದಿರುವ ಅಭ್ಯಾಸ ಮಾತ್ರ ಅಂದಿನಿಂದ ಇಂದಿಗೂ ಒಂದೇ ಆಗಿರಬಾರದು.

ಮಿಡ್ಲ್ ಗ್ರೌಂಡನ್ನು ಪ್ರವಾಸಿಗರಿಗೆ ತೆರೆಯಿರೆಂದು ನಾನು ಕೇಳುವುದಿಲ್ಲ. ನೌಕಾದಳದ ಅಡಚಣೆಗಳು ನನಗೆ ಅರ್ಥವಾಗುತ್ತವೆ. ಕೇಳುವುದು ಇಷ್ಟು. ಗೇಟ್‌ವೇಯ ಲಾಂಚು ಕಟ್ಟೆಯಲ್ಲಿ ಈ ಬತ್ತೇರಿಗಳ ಹೆಸರು, ಕಾಲ, ವೆಚ್ಚಗಳನ್ನು ಹೇಳುವ ಒಂದು ಫಲಕ. ಮಲಬಾರ್ ಪಾಯಿಂಟಿನ ನೆಲಮನೆಯ ಹದಿಮೂರು ಕೋಣೆಗಳಲ್ಲಿ ಎರಡನ್ನಾದರೂ ಅವುಗಳ ಮೂಲರೂಪದಲ್ಲಿ ಬಿಟ್ಟು ತೋಪಿನ ಕತೆಯನ್ನೇ ಹೇಳುವುದು. ಘಾರಾಪುರಿಯ ತೋಪುಗಳಿಗೆ ಒಂದು ಬೇಲಿ. ಇದಕ್ಕಾಗಿ ಮನವಿ ಬರೆಯುವ ಕೆಲಸವನ್ನು ಮರಾಠಿ ಇತಿಹಾಸಾಸಕ್ತರೊಂದಿಗೆ ಕೂಡಿ ನಮ್ಮ ಸಂಘಗಳೂ ಮಾಡಬಹುದು. ವಾರ್ಷಿಕೋತ್ಸವದ ಶಾಲು-ಹಾರಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೆ ಒಂದು ಸಣ್ಣ ಪುಸ್ತಕವನ್ನೂ ಕನ್ನಡ, ಮರಾಠಿ ಎರಡರಲ್ಲೂ ತರಬಹುದು.

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇಲ್ಲಿನ ಕನ್ನಡಿಗರ ಬದುಕನ್ನು ಕುರಿತು ಸಾಕಷ್ಟು ಕೆಲಸ ಮಾಡಿದೆ. ಗೋದಿ, ಪೋರ್ಟ್ ಟ್ರಸ್ಟ್, ನೌಕಾ ಕಾರ್ಖಾನೆಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ನಮ್ಮ ಫಿಟ್ಟರು, ವೆಲ್ಡರು, ಗುಮಾಸ್ತ, ಸ್ಟೋರ್‌ಕೀಪರುಗಳ ನೆನಪುಗಳನ್ನು ದಾಖಲಿಸುವುದು ಅದರ ಮುಂದಿನ ಕೆಲಸವಾಗಲಿ. ಯಾವ ಗೋಡೆಯ ಹಿಂದೆ ಏನಿತ್ತು, ಯಾವ ಹಳೆಯ ತೋಪನ್ನು ಹಡಗಿನ ಹಗ್ಗ ಕಟ್ಟಲು ನೆಲದಲ್ಲಿ ನೆಟ್ಟಿದ್ದರು ಎಂಬುದನ್ನು ಬಲ್ಲವರು ಅವರೇ. ಅವರಲ್ಲಿ ಕೆಲವರಾದರೂ ಡೊಂಬಿವಲಿ, ಭಾಂಡುಪ, ಮೀರಾರೋಡುಗಳ ಮನೆಗಳಲ್ಲಿ ಇದ್ದಾರೆ. ಧ್ವನಿಮುದ್ರಣದ ಯಂತ್ರ ಹಿಡಿದು ಅವರ ಮನೆಯ ಮೆಟ್ಟಿಲು ಹತ್ತುವ ಕೆಲಸವನ್ನು ಈ ಮಳೆಗಾಲ ಮುಗಿಯುವುದರೊಳಗೆ ಆರಂಭಿಸಬಹುದು.